ಬೆಲ್ಲಿಂಜೋನಾಗೆ ಒಂದು ದಿನ ಇಡಬಹುದಾ? ಅಪ್ಪ ಅಮ್ಮನ ಜೊತೆ ಹೋಗ್ತಿರೋದು, ಮನೇಲಿ ವಾದ ನಡೀತಿದೆ

ತೀರ್ಥಳ್ಳಿ ಹುಡುಗ
ಎಲ್ರಿಗೂ ನಮಸ್ಕಾರ. ಮೇ ಕೊನೇಲಿ ಅಪ್ಪ ಅಮ್ಮ ತಂಗೀನ ಸ್ವಿಟ್ಜರ್ಲೆಂಡಿಗೆ ಕರ್ಕೊಂಡು ಹೋಗ್ತಿದೀನಿ, ಒಟ್ಟು ಏಳು ದಿನ. ಜ್ಯೂರಿಕ್, ಲುಸರ್ನ್, ಇಂಟರ್‌ಲಾಕನ್, ಟಿಟ್ಲಿಸ್ ಎಲ್ಲಾ ಫಿಕ್ಸ್ ಆಗಿದೆ, ಒಂದು ದಿನ ಮಾತ್ರ ಖಾಲಿ. ಮ್ಯಾಪ್ ನೋಡ್ತಾ ಕೂತಿದ್ದಾಗ ಕೆಳಗಡೆ ಇಟಲಿ ಹತ್ರ ಬೆಲ್ಲಿಂಜೋನಾ ಅಂತ ಊರು ಸಿಕ್ತು. ಒಂದೇ ಊರಲ್ಲಿ ಮೂರು ಕೋಟೆ, 2000ದಿಂದ ಯುನೆಸ್ಕೋ ಪಟ್ಟೀಲಿದೆಯಂತೆ. ನಂಗೆ ಹೋಗ್ಲೇಬೇಕು ಅನ್ನಿಸ್ತಿದೆ. ತಂಗಿ ಹೇಳೋದು, ಕೋಟೆ ನೋಡಕ್ಕೆ ಅಷ್ಟು ದೂರ ಯಾಕೆ, ಕವಲೇದುರ್ಗ ಮನೆ ಹತ್ರಾನೇ ಇದೆಯಲ್ಲ, ಆ ದಿನಾನೂ ಹಿಮದ ಕಡೇನೇ ಹೋಗೋಣ ಅಂತ.
ಅಪ್ಪಂಗೆ 68, ಕಮರ್ಷಿಯಲ್ ಟ್ಯಾಕ್ಸ್ ಇಲಾಖೇಲಿದ್ದು ರಿಟೈರ್ ಆದೋರು, ಚೆನ್ನಾಗಿ ನಡೀತಾರೆ. ಅಮ್ಮಂಗೆ ಮಂಡಿನೋವು, ಮೆಟ್ಟಿಲು ಅಂದ್ರೆ ಕಷ್ಟ, ಮತ್ತೆ ಮೊಟ್ಟೇನೂ ತಿನ್ನಲ್ಲ. ಹೋಗಿ ಬಂದೋರು ಇದ್ರೆ ದಯವಿಟ್ಟು ಹೇಳಿ, ಒಂದು ದಿನ ಕೊಡೋ ಅಷ್ಟು ಇದೆಯಾ ಅಲ್ಲಿ?

ಲಾಲ್‌ಬಾಗ್ ವೆಸ್ಟ್‌ಗೇಟ್
ವೇಸ್ಟ್ ಗುರು. ಅದು ಸ್ವಿಟ್ಜರ್ಲೆಂಡ್ ಥರಾನೇ ಇರಲ್ಲ. ನಾವು ಹೋದಾಗ ಬಿಸಿಲು, ತಾಳೆ ಜಾತಿ ಮರ, ಬೋರ್ಡೆಲ್ಲಾ ಇಟಾಲಿಯನ್. ತಂಗಿ ಹೇಳಿದ್ದೇ ಸರಿ, ಆ ದಿನ ಯುಂಗ್‌ಫ್ರಾವ್‌ಗೆ ಹೋಗಿ.

ಜ್ಯೂರಿಕ್ ಅಕ್ಕ
ಮೇಲಿನೋರ ಮಾತು ನಾನು ಒಪ್ಪಲ್ಲ. ಅದಿರೋ ಟಿಚಿನೋ ಕ್ಯಾಂಟನ್ (ನಮ್ಮ ರಾಜ್ಯ ಇದ್ದ ಹಾಗೆ) ಕೂಡ ಸ್ವಿಟ್ಜರ್ಲೆಂಡೇ, ಬೆಲ್ಲಿಂಜೋನಾ ಆ ಕ್ಯಾಂಟನ್ನಿನ ರಾಜಧಾನಿ. ಬಿಸಿಲಿತ್ತು ಅಂತ ಅದು ಬೇರೆ ದೇಶ ಆಗ್ಬಿಡಲ್ಲ.
ನಾನು ಒಂಬತ್ತು ವರ್ಷದಿಂದ ಜ್ಯೂರಿಕ್ಕಲ್ಲಿದೀನಿ, ಊರಿಂದ ಯಾರು ಬಂದ್ರೂ ಒಂದ್ಸಲ ಅಲ್ಲಿಗೆ ಕರ್ಕೊಂಡು ಹೋಗ್ತೀನಿ. ಟ್ರೇನಲ್ಲಿ ಸುಮಾರು ಒಂದೂಮುಕ್ಕಾಲು ಗಂಟೆ ಅಷ್ಟೇ. ಗೊಟ್ಹಾರ್ಡ್ ಬೇಸ್ ಟನಲ್ 57 ಕಿಲೋಮೀಟರ್, ಒಳಗೆ ಹತ್ತಿರತ್ತಿರ ಇಪ್ಪತ್ತು ನಿಮಿಷ ಬರೀ ಕತ್ತಲು. ಆ ಕಡೆ ಮೋಡ ಮುಚ್ಕೊಂಡಿರುತ್ತೆ, ಈ ಕಡೆ ಬಂದ್ರೆ ಎಷ್ಟೋ ಸಲ ಬಿಸಿಲು ಹೊಡೀತಿರುತ್ತೆ, ಅನೌನ್ಸ್‌ಮೆಂಟ್ ಕೂಡ ಮೊದಲು ಇಟಾಲಿಯನ್ನಲ್ಲಿ ಶುರುವಾಗುತ್ತೆ. ನಮ್ಮಮ್ಮ ಮೊದಲ ಸಲ ಬಂದಾಗ "ಇದು ಬೇರೆ ಗಾಳಿ ಕಣೇ" ಅಂದಿದ್ರು.
ಅಮ್ಮನ ಮಂಡಿ ಬಗ್ಗೆ ಯೋಚನೆ ಬೇಡ. ದೊಡ್ಡ ಕೋಟೆ ಕಾಸ್ತೆಲ್‌ಗ್ರಾಂದೆಗೆ ಲಿಫ್ಟ್ ಇದೆ. ಪಿಯಾಜಾ ದೆಲ್ ಸೋಲೆ ಅನ್ನೋ ಚೌಕದಲ್ಲಿ ನಿಂತ್ರೆ ಎದುರಿಗೆ ಬೋಳು ಬಂಡೆ, ಆ ಬಂಡೇಲಿ ಎತ್ತರಕ್ಕೆ ಒಂದು ಕಿರಿದಾದ ಸೀಳು. ಅದೇ ಬಾಗಿಲು. ಒಳಗೆ ಹೋದ್ರೆ ತಣ್ಣಗೆ, ಕೊನೇಲಿ ಲಿಫ್ಟ್. ಮೇಲೆ ಬಾಗಿಲು ತೆಗೆದ್ರೆ ಹುಲ್ಲುಹಾಸು, ಎರಡು ಗೋಪುರ, ಸುತ್ತ ಬೆಟ್ಟ.

ಧಾರ್ವಾಡ ಪೇಢೆ
ಛಲೋ ಮಾಹಿತಿ ಕೊಟ್ರಿ ಅಕ್ಕಾರ. ನನಗ ಒಂದು ತಿಳೀವಲ್ದು, ಸ್ವಿಸ್ ಮಂದಿ ಅಷ್ಟು ಸಣ್ಣ ಊರಾಗ ಮೂರು ಕೋಟಿ ಯಾಕ ಕಟ್ಟಿದ್ರು? ರಾಜಾ ಇಲ್ಲದ ದೇಶ ಅಂತಾರಲ್ರಿ ಅದನ್ನ.

ಹಳೇ ನಕ್ಷೆ
ಸ್ವಿಸ್ಸರು ಕಟ್ಟಿಲ್ಲ ಸಾರ್, ಇದು ಬಹಳ ಜನ ತಪ್ಪು ತಿಳ್ಕೊಳ್ಳೋ ವಿಷಯ. ಇವತ್ತು ನಿಂತಿರೋದ್ರಲ್ಲಿ ಹೆಚ್ಚಿನದ್ದು ಮಿಲಾನಿನ ಡ್ಯೂಕ್‌ಗಳು ಕಟ್ಟಿಸಿದ್ದು, ಮೊದಲು ವಿಸ್ಕೊಂಟಿ ಮನೆತನ, ಆಮೇಲೆ ಸ್ಫೋರ್ಜಾ ಮನೆತನ. ಕಟ್ಟಿಸಿದ್ದೇ ಸ್ವಿಸ್ಸರನ್ನ ತಡೆಯೋಕೆ!
ಮ್ಯಾಪ್ ತೆಗೆದು ನೋಡಿ. ಗೊಟ್ಹಾರ್ಡ್, ಲುಕ್‌ಮಾನಿಯರ್, ಸಾನ್ ಬೆರ್ನಾರ್ದಿನೋ, ನುಫೆನೆನ್, ಈ ಘಾಟಿಗಳಿಂದ ಇಳಿಯೋ ದಾರಿಗಳೆಲ್ಲಾ ಬೆಲ್ಲಿಂಜೋನಾ ಬಾಗಿಲಿಗೇ ಬರ್ತವೆ. ಅಲ್ಲಿ ಕಣಿವೆ ಕಿರಿದಾಗುತ್ತೆ, ನಟ್ಟನಡುವೆ ಒಂದು ಬಂಡೆಗುಡ್ಡ ಎದ್ದಿದೆ. ಅದರ ಮೇಲೆ ಕೂತೋನ ಕಣ್ಣು ತಪ್ಪಿಸಿ ಆಲ್ಪ್ಸ್‌ನಿಂದ ಮಿಲಾನ್ ಇರೋ ಲೊಂಬಾರ್ದಿಗೆ ಒಂದು ಹೇಸರಗತ್ತೇನೂ ಇಳಿಯೋ ಹಾಗಿಲ್ಲ. ಸುಂಕ ಅಲ್ಲೇ, ಕಾವಲೂ ಅಲ್ಲೇ. ಆ ಗುಡ್ಡದ ಮೇಲೆ ನವಶಿಲಾಯುಗದಿಂದ್ಲೇ ಜನ ಇದ್ದ ಕುರುಹು ಸಿಕ್ಕಿದೆ.
ಆಮೇಲೆ ಮುಖ್ಯ ವಿಷಯ. ಮೂರು ಕೋಟೆ ಅಂತ ಬಿಡಿಬಿಡಿಯಾಗಿ ನೋಡ್ಬೇಡಿ. ಎರಡು ಕೋಟೆ ಮತ್ತೆ ಊರಗೋಡೆ ಸೇರಿ ಒಂದೇ ಅಗುಳಿ ಅದು. ಎರಡನೇ ಕೋಟೆ ಮೊಂತೆಬೆಲ್ಲೋದಿಂದ ಗೋಡೆ ಊರಿಗೆ ಇಳಿಯುತ್ತೆ, ಊರನ್ನ ಸುತ್ತಿ ಕಾಸ್ತೆಲ್‌ಗ್ರಾಂದೆ ಬಂಡೆ ಮುಟ್ಟುತ್ತೆ, ಅಲ್ಲಿಂದ ಆಚೆ ಮುರಾತಾ ಅನ್ನೋ ದಪ್ಪ ಗೋಡೆ ಟಿಚಿನೋ ನದಿ ಕಡೆ ಹೋಗುತ್ತೆ. ಅಂದ್ರೆ ಕಣಿವೆಗೆ ಅಡ್ಡಲಾಗಿ ಚಿಲಕ ಹಾಕಿದ ಹಾಗೆ. ಮೂರನೇದು ಸಾಸ್ಸೊ ಕೊರ್ಬಾರೊ ಮಾತ್ರ ಬೇರೆಯಾಗಿ ಎತ್ತರದಲ್ಲಿದೆ, ಊರಿಂದ ಸುಮಾರು 230 ಮೀಟರ್ ಮೇಲೆ.

ದುರ್ಗದ ಕಲ್ಲು
ಎರಡು ಗೋಪುರ ಬಿಟ್ರೆ ಏನಿದೆ ಅಲ್ಲಿ? ನಮ್ಮ ಚಿತ್ರದುರ್ಗ ಏಳುಸುತ್ತಿನ ಕೋಟೆ ಸ್ವಾಮಿ. ಅದರ ಮುಂದೆ ಇದು ಚಿಕ್ಕದೇ.

ಹಳೇ ನಕ್ಷೆ
ಚಿಕ್ಕದು ದೊಡ್ಡದು ಅನ್ನೋ ಲೆಕ್ಕಾನೇ ಬೇರೆ ಸಾರ್. ದುರ್ಗ ಬೆಟ್ಟಾನ ಕಾಯುತ್ತೆ, ಇದು ದಾರೀನ ಕಾಯುತ್ತೆ. ನಾನು ದುರ್ಗಕ್ಕೆ ಆರು ಸಲ ಹೋಗಿದೀನಿ, ಇಲ್ಲಿಗೆ ಎರಡು ಸಲ, ಒಂದರ ಬದಲಿಗೆ ಇನ್ನೊಂದು ಅಂತ ಯಾವತ್ತೂ ಅನ್ನಿಸಿಲ್ಲ.

ಕುಡ್ಲದ ಮಳೆ
ಮೂರನೇ ಕೋಟೆ ಯಾಕೆ ಬೇರೆ ಕಟ್ಟಿದ್ರು ಅಂತ ಹೇಳ್ಳೇ ಇಲ್ವಲ್ಲಾ ಮಾರಾಯ್ರೆ, ಅರ್ಧಕ್ಕೆ ನಿಲ್ಲಿಸ್ಬೇಡಿ.

ಹಳೇ ನಕ್ಷೆ
ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.
1419ರಲ್ಲಿ ಉರಿ ಮತ್ತೆ ಓಬ್‌ವಾಲ್ಡನ್ ಅನ್ನೋ ಬೆಟ್ಟದ ಆಚೆಯ ಸ್ವಿಸ್ ಕ್ಯಾಂಟನ್‌ಗಳು ಬೆಲ್ಲಿಂಜೋನಾನ ಸಾಕ್ಸ್ ಮನೆತನದಿಂದ ದುಡ್ಡು ಕೊಟ್ಟು ಕೊಂಡ್ಕೊಂಡ್ವು. ಮಿಲಾನಿಗೆ ತನ್ನ ಬಾಗಿಲೇ ಕೈತಪ್ಪಿದ ಹಾಗಾಯ್ತು. 1422ರಲ್ಲಿ ಊರನ್ನ ವಾಪಸ್ ಹಿಡೀತು, ಜೂನ್ 30ಕ್ಕೆ ಪಕ್ಕದ ಅರ್ಬೇದೊ ಬಯಲಲ್ಲಿ ಯುದ್ಧ. ಮಿಲಾನಿನ ಸೇನಾಪತಿ ಕಾರ್ಮಾನ್ಯೋಲಾ, ಸ್ವಿಸ್ಸರು ಸೋತ್ರು, ತುಂಬಾ ಜನ ಸತ್ರು.
ಅಲ್ಲಿಂದ 56 ವರ್ಷಕ್ಕೆ, 1478ರ ಡಿಸೆಂಬರ್ 28ಕ್ಕೆ ಅದೇ ಕಣಿವೇಲಿ ಮೇಲ್ಗಡೆ ಜೋರ್ನಿಕೊ ಹತ್ರ ಇನ್ನೊಂದು ಕಾಳಗ. ಮಿಲಾನಿನ ದೊಡ್ಡ ಸೈನ್ಯ ಚಳಿಗಾಲದಲ್ಲಿ ಇಕ್ಕಟ್ಟಾದ ಕಣಿವೆ ಏರ್ತಾ ಹೋಯ್ತು. ಎದುರಿಗಿದ್ದದ್ದು ಕೆಲವೇ ನೂರು ಜನ, ಅದ್ರಲ್ಲಿ ಹೆಚ್ಚಿನೋರು ಅಲ್ಲೇ ಲೆವೆಂತೀನಾ ಕಣಿವೆಯ ಹಳ್ಳಿಯೋರು. ಮೇಲಿಂದ ಬಂಡೆ ಉರುಳಿಸಿ ನುಗ್ಗಿದ್ರು, ಮಿಲಾನಿನೋರು ದಿಕ್ಕಾಪಾಲು. ಊರೋರು ಅದನ್ನ ದೊಡ್ಡ ಕಲ್ಲುಗಳ ಕಾಳಗ ಅಂತಾನೇ ಕರೀತಾರೆ.
ಮಿಲಾನಿಗೆ ನಿದ್ದೆ ಹಾರಿಹೋಯ್ತು. ಗೋಡೆ ಬಿಟ್ಟು ಬೆಟ್ಟದ ಪಕ್ಕೆ ಹಿಡ್ಕೊಂಡು ಇಳಿದು ಬಂದ್ರೆ ಏನ್ ಗತಿ? ಅದಕ್ಕೇ 1479ರಲ್ಲಿ ಸಾಸ್ಸೊ ಕೊರ್ಬಾರೊ, ಸುಮಾರು ಆರೇ ತಿಂಗಳಲ್ಲಿ ಎಬ್ಬಿಸಿದ್ರು. ಕೆಲಸ ಹಿಡಿದ ಎಂಜಿನಿಯರ್ ಬೆನೆದೆತ್ತೊ ಫೆರ್ರೀನಿ ಆ ವರ್ಷಾನೇ ಅಲ್ಲೇ ಪ್ಲೇಗಲ್ಲಿ ತೀರ್ಕೊಂಡ. ಆ ಕೋಟೇಲಿ ಅಲಂಕಾರ ಅನ್ನೋದೇ ಇಲ್ಲ, ಚೌಕ, ದಪ್ಪ ಗೋಡೆ, ಒಳಗೊಂದು ಅಂಗಳ. ಹೆದರಿಕೆ ಹೆಂಗಿತ್ತು ಅಂತ ಆ ಗೋಡೆ ಮುಂದೆ ನಿಂತ್ರೆ ಗೊತ್ತಾಗುತ್ತೆ.

ಧಾರ್ವಾಡ ಪೇಢೆ
ಅಷ್ಟು ಮಾಡಿದ ಮ್ಯಾಲೆ ಸ್ವಿಸ್ ಮಂದಿ ಗೆದ್ದು ಹಿಡಕೊಂಡ್ರೇನ್ರಿ ಕೋಟೀನ?

ಹಳೇ ನಕ್ಷೆ
ಅದೇ ಸ್ವಾರಸ್ಯ! ಕೋಟೆ ಒಡೆದು ಹಿಡಿಯೋ ಪ್ರಸಂಗಾನೇ ಬರಲಿಲ್ಲ. 1499ರಲ್ಲಿ ಫ್ರಾನ್ಸಿನ ಹನ್ನೆರಡನೇ ಲೂಯಿ ಮಿಲಾನನ್ನೇ ಹಿಡಿದ. ಬೆಲ್ಲಿಂಜೋನಾದೋರು ಫ್ರೆಂಚರ ವಿರುದ್ಧ ಎದ್ದು, 1500ರಲ್ಲಿ ತಾವಾಗೇ ಉರಿ, ಶ್ವೀಜ್, ನಿಡ್‌ವಾಲ್ಡನ್ ಕೈಗೆ ಊರನ್ನ ಒಪ್ಪಿಸಿದ್ರು. 1503ರ ಅರೋನಾ ಒಪ್ಪಂದದಲ್ಲಿ ಫ್ರಾನ್ಸ್ ಕೂಡ ಒಪ್ಕೊಂಡ್ತು. ಆಮೇಲೆ ಮೂರು ಕೋಟೆಗೆ ಮೂರು ಕ್ಯಾಂಟನ್ನಿನ ಹೆಸರು ಬಿತ್ತು, ದೊಡ್ಡದು ಉರಿ, ನಡುವಿನದು ಶ್ವೀಜ್, ಮೇಲಿನದು ಉಂಟರ್‌ವಾಲ್ಡನ್ (ನಿಡ್‌ವಾಲ್ಡನ್ ಅದರದ್ದೇ ಒಂದು ಭಾಗ). ಯಾರನ್ನ ತಡೆಯೋಕೆ ಕಟ್ಟಿದ್ರೋ ಅವರ ಹೆಸರೇ.

ಲಾಲ್‌ಬಾಗ್ ವೆಸ್ಟ್‌ಗೇಟ್
ಸರಿ ಇತಿಹಾಸ ಚೆನ್ನಾಗಿದೆ, ಒಪ್ತೀನಿ. ನಾವು ಟೂರ್ ಬಸ್ಸಲ್ಲಿ ಹೋಗಿದ್ದು, ಪ್ಲಾನಲ್ಲಿ "ಮೂರು ಕೋಟೆ ದರ್ಶನ" ಅಂತ ಬರೆದು ದುಡ್ಡು ತಗೊಂಡ್ರು, ಅಲ್ಲಿ ಹೋದಾಗ ಹೈವೇಯಿಂದ್ಲೇ ಕಿಟಕಿ ಕಡೆ ಕೈ ತೋರಿಸಿ, ಊರಲ್ಲಿ ಇಪ್ಪತ್ತು ನಿಮಿಷ ಟಾಯ್ಲೆಟ್‌ಗೆ ನಿಲ್ಲಿಸಿ ಮುಂದೆ ಹೊರಟ್ರು. ಮಕ್ಕಳು ಮೇಲೆ ಹೋಗ್ಬೇಕು ಅಂತ ಅತ್ರು. ಆ ಬೇಜಾರು ನಂಗೆ ಇನ್ನೂ ಇದೆ, ಬಹುಶಃ ಅದಕ್ಕೇ ಊರಿನ ಮೇಲೆ ಸಿಟ್ಟು.

ಜ್ಯೂರಿಕ್ ಅಕ್ಕ
ಅಯ್ಯೋ, ಹಾಗಿದ್ರೆ ನೀವು ನೋಡೇ ಇಲ್ಲ ಬಿಡಿ. ಮಕ್ಕಳನ್ನ ಕರ್ಕೊಂಡು ಇನ್ನೊಂದ್ಸಲ ಬನ್ನಿ, ಟ್ರೇನಲ್ಲಿ ಬನ್ನಿ.

ಪಿಯಾನೋ ಮೀನು
ನಂದು ಬೇರೆ ಸಲಹೆ. ಒಂದೇ ಕೋಟೆ ನೋಡೋದಾದ್ರೆ ಮೊಂತ್ರೋ ಹತ್ರ ಶಿಲ್ಲೋನ್. ಸರೋವರದ ನೀರಲ್ಲೇ ನಿಂತ ಹಾಗಿದೆ, ಒಳಗೆ ಕೋಣೆಗಳು, ನೆಲಮಾಳಿಗೆ, ಎಲ್ಲಾ ಇದೆ. ಬೆಲ್ಲಿಂಜೋನಾ ಹೊರಗಿಂದ ಚೆಂದ, ಒಳಗೆ ನೋಡೋಕೆ ಅಷ್ಟೇನಿಲ್ಲ.

ಕುಡ್ಲದ ಮಳೆ
ಶಿಲ್ಲೋನ್ ಒಳ್ಳೇದೇ, ಆದ್ರೆ ಅದು ಸಾವೋಯ್ ಪ್ರಭುಗಳ ಮನೆ. ಇದು ಊರಿನ ಬಾಗಿಲು. ಎರಡಕ್ಕೂ ಹೋಲಿಕೆ ಯಾಕೆ.

ಪಿಯಾನೋ ಮೀನು
ಶಿಲ್ಲೋನ್ ಕೂಡ ದಾರಿ ಕಾಯೋ ಜಾಗವೇ ರೀ. ಸರೋವರ ಮತ್ತೆ ಬೆಟ್ಟದ ಮಧ್ಯೆ ಇಕ್ಕಟ್ಟಾದ ರಸ್ತೆ, ಅಲ್ಲೂ ಸುಂಕ ವಸೂಲಿ ಇತ್ತು. ಬರೀ ಮನೆ ಅನ್ಬೇಡಿ.

ಕುಡ್ಲದ ಮಳೆ
ಅದು ಸರಿ, ನಾನು ಹೇಳಿದ್ದು ತಪ್ಪು. ಆದ್ರೂ ಊರಿಗೆ ಊರೇ ಗೋಡೆಯೊಳಗೆ ಸೇರ್ಕೊಂಡಿರೋದು ಬೆಲ್ಲಿಂಜೋನಾದಲ್ಲೇ.

ಗಾರೆ ಮೇಸ್ತ್ರಿ
ಕಟ್ಟಡದ ಕೆಲಸದೋನು ನಾನು, ಒಂದು ಮಾತು ಸೇರಿಸ್ತೀನಿ. ಆ ಲಿಫ್ಟ್ ಮತ್ತೆ ಕಾಸ್ತೆಲ್‌ಗ್ರಾಂದೆಯ ರಿಪೇರಿ ಮಾಡಿದ್ದು ಅಲ್ಲಿಯವರೇ ಆದ ಆರ್ಕಿಟೆಕ್ಟ್ ಔರೆಲಿಯೋ ಗಾಲ್ಫೆತ್ತಿ, 1980ರ ದಶಕದಲ್ಲಿ ಶುರುವಾಗಿ 90ರ ಶುರುವಿಗೆ ಮುಗೀತು. ಬಂಡೆ ಮೇಲೆ ಬೆಳೆದಿದ್ದ ಗಿಡಗಂಟಿ ತೆಗೆಸಿ ಬಂಡೇನ ಬೆತ್ತಲೆ ಮಾಡಿದ್ರು. ಕೋಟೆಗೆ ಬಂಡೇನೇ ಮೊದಲ ಗೋಡೆ, ಅದು ಕಾಣ್ಬೇಕು ಅನ್ನೋದು ಅದರ ಹಿಂದಿನ ಲೆಕ್ಕ. ಹೊಸದು ಮಾಡಿದ್ದನ್ನ ಹಳೇದರ ಥರ ವೇಷ ಹಾಕಿಸಿಲ್ಲ, ಕಾಂಕ್ರೀಟ್ ಕಾಂಕ್ರೀಟಾಗೇ ಇದೆ, ಕಲ್ಲು ಕಲ್ಲಾಗೇ ಇದೆ. ನಮ್ಮ ಕಡೆ ಹಳೇ ಗೋಡೆಗೆ ಸಿಮೆಂಟ್ ಬಳಿದು ಮೇಲೆ ಬಣ್ಣ ಹೊಡೆದು ಜೀರ್ಣೋದ್ಧಾರ ಅಂತಾರೆ, ಸುಣ್ಣದ ಗಾರೆ ಗೋಡೆಗೆ ಉಸಿರೇ ಕಟ್ಟುತ್ತೆ, ನೀರು ಒಳಗೇ ನಿಂತು ಕಲ್ಲು ಸಿಡಿಯುತ್ತೆ. ನೋಡಿದಾಗಲೆಲ್ಲಾ ಹೊಟ್ಟೆ ಉರಿಯುತ್ತೆ.

ಪಿಯಾನೋ ಮೀನು
ಆ ಕಾಂಕ್ರೀಟ್ ನಂಗೆ ಹಿಡಿಸ್ಲಿಲ್ಲ. ಮಧ್ಯಯುಗದ ಜಾಗಕ್ಕೆ ಮೆಟ್ರೋ ಸ್ಟೇಷನ್ ಬಾಗಿಲು ಇಟ್ಟ ಹಾಗಿದೆ.

ಗಾರೆ ಮೇಸ್ತ್ರಿ
ಸುಳ್ಳು ಕಲ್ಲಿನ ಕಮಾನು ಇಟ್ಟಿದ್ರೆ ಹಿಡಿಸ್ತಿತ್ತಾ ಸಾರ್? ಇನ್ನೊಂದ್ಸಲ ಹೋದಾಗ ಒಳಗೆ ನಿಂತು ಮೇಲೆ ನೋಡಿ.

ಜ್ಯೂರಿಕ್ ಅಕ್ಕ
ಮುರಾತಾ ಒಳಗೆ ಹೋಗೋದು ಮರೀಬೇಡಿ ತಮ್ಮಾ. ಗೋಡೆಯ ಹೊಟ್ಟೇಲಿ ಕಮಾನು ಚಾವಣಿಯ ಓಣಿ ಇದೆ, ಹೆಜ್ಜೆ ಹೆಜ್ಜೆಗೂ ಕಿಂಡಿ, ಕಿಂಡಿಯಿಂದ ನೆಲದ ಮೇಲೆ ಬೆಳಕಿನ ಪಟ್ಟಿ ಬಿದ್ದಿರುತ್ತೆ. ಮಧ್ಯಾಹ್ನ ಹೊರಗೆ ಸುಡ್ತಿದ್ರೂ ಒಳಗೆ ತಂಪು. ಗೋಡೆ ತಲೆಯ ಮೇಲಿನ ಹಲ್ಲಿನಂಥ ತೆನೆಗಳು ಹಕ್ಕಿ ಬಾಲದ ಥರ ಎರಡಾಗಿ ಸೀಳಿರುತ್ತೆ.

ತೀರ್ಥಳ್ಳಿ ಹುಡುಗ
ಇಷ್ಟು ಉತ್ತರ ಬರುತ್ತೆ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಮುರಾತಾ ನದೀವರೆಗೂ ಹೋಗುತ್ತಾ? ಫೋಟೋದಲ್ಲಿ ಮಧ್ಯಕ್ಕೇ ನಿಂತ ಹಾಗಿದೆಯಲ್ಲ.

ಹಳೇ ನಕ್ಷೆ
ಮೊದಲು ನದೀವರೆಗೂ ಇತ್ತು, ಅಲ್ಲೊಂದು ಸೇತುವೇನೂ ಇತ್ತು. 1513ರಲ್ಲಿ ಮೇಲ್ಗಡೆ ಬಿಯಾಸ್ಕಾ ಹತ್ರ ಗುಡ್ಡ ಕುಸಿದು ಬ್ರೆನ್ನೊ ಹೊಳೆಗೆ ಅಡ್ಡ ಬಿತ್ತು, ಹಿಂದೆ ದೊಡ್ಡ ಕೆರೆ ನಿಂತ್ಕೊಂಡ್ತು. ಎರಡು ವರ್ಷ ತಡೀತು. 1515ರಲ್ಲಿ ಒಡೀತು ನೋಡಿ, ಇಡೀ ಕಣಿವೆ ತೊಳ್ಕೊಂಡು ಹೋಯ್ತು, ಸೇತುವೆ ಹೋಯ್ತು, ಮುರಾತಾದ ತುದೀನೂ ಹೋಯ್ತು. ಯಾವ ಸೈನ್ಯಕ್ಕೂ ಜಗ್ಗದ ಗೋಡೇನ ಮುರಿದಿದ್ದು ನೀರು.

ಕೊಡಗಿನ ಕಾಫಿ
2018ರ ಮಳೆಗಾಲದಲ್ಲಿ ಗುಡ್ಡ ಜಾರಿದ್ದನ್ನ ಕಣ್ಣಾರೆ ಕಂಡೋಳು ನಾನು. ಇದನ್ನ ಓದಿ ಮೈ ಜುಂ ಅಂತು.

ಧಾರ್ವಾಡ ಪೇಢೆ
ಊಟದ ಬಗ್ಗೆ ಯಾರೂ ಹೇಳವಲ್ರಿ. ಅವ್ವಾರು ತತ್ತೀನೂ ತಿನ್ನಂಗಿಲ್ಲ ಅಂತ ಬರದಾರ.

ಜ್ಯೂರಿಕ್ ಅಕ್ಕ
ಪೊಲೆಂತಾ ಇದೆ, ಮೆಕ್ಕೆಜೋಳದ ರವೆ ನೀರಲ್ಲಿ ತಿರುವಿ ತಿರುವಿ ಬೇಯಿಸಿದ್ದು, ನಮ್ಮ ಮುದ್ದೆ ತಿಂದೋರಿಗೆ ಹೊಸದು ಅನ್ಸಲ್ಲ. ರಿಸೊತ್ತೋ ಅನ್ನೋ ಅನ್ನದ ಅಡುಗೇನೂ ಇದೆ, ಆದ್ರೆ ಹುಷಾರು, ಎಷ್ಟೋ ಕಡೆ ಮಾಂಸದ ಸಾರಲ್ಲಿ ಬೇಯಿಸ್ತಾರೆ. "ಸೆಂಜಾ ಕಾರ್ನೆ" (ಮಾಂಸ ಇಲ್ಲದ್ದು) ಅಂತ ಹೇಳಿದ್ರೆ ಸಾಲಲ್ಲ, ಬ್ರೋದೊ ಅಂದ್ರೆ ಸಾರು, ಅದು ತರಕಾರೀದಾ ಅಂತ ಕೇಳಿ. ಪಾರ್ಮಿಜಾನ್ ಚೀಸ್‌ಗೆ ಕರುವಿನ ಹೊಟ್ಟೆಯ ಹೆಪ್ಪು ಹಾಕ್ತಾರೆ, ಅಮ್ಮ ಕಟ್ಟುನಿಟ್ಟು ಅಂದ್ರೆ ಅದೂ ಬೇಡ ಅನ್ನಿ. ಶನಿವಾರ ಹೋದ್ರೆ ಹಳೇ ಊರಲ್ಲಿ ಸಂತೆ ಇರುತ್ತೆ, ಹಣ್ಣು ಬ್ರೆಡ್ ಅಲ್ಲೇ ಸಿಗುತ್ತೆ.

ದುರ್ಗದ ಕಲ್ಲು
ಕೋಟೆ ಸೈನಿಕರೂ ಪೊಲೆಂತಾ ತಿಂದೇ ಕಾವಲು ಕಾಯ್ತಿದ್ರು ಅಂತಾಯ್ತು.

ಹಳೇ ನಕ್ಷೆ
ಮೆಕ್ಕೆಜೋಳದ್ದಲ್ಲ ಸಾರ್. ಮೆಕ್ಕೆಜೋಳ ಅಮೆರಿಕದಿಂದ ಬಂದಿದ್ದು, ಸಾಸ್ಸೊ ಕೊರ್ಬಾರೊ ಕಟ್ಟೋವಾಗ ಕೊಲಂಬಸ್ ಇನ್ನೂ ಹೊರಟೇ ಇರ್ಲಿಲ್ಲ. ಆಗ ಸಾಮೆ ನವಣೆ ಥರದ ಸಿರಿಧಾನ್ಯ, ರೈ, ಮತ್ತೆ ಚೆಸ್ಟ್‌ನಟ್. ಬೆಟ್ಟದೋರಿಗೆ ಚೆಸ್ಟ್‌ನಟ್ಟೇ ಅನ್ನ, ಒಣಗಿಸಿ ಹಿಟ್ಟು ಮಾಡಿ ಚಳಿಗಾಲ ಕಳೀತಿದ್ರು.

ಕನ್ನಡ ಕೂಸು
ವಿಷಯ ಬೇರೆ ಆಗುತ್ತೆ, ಆದ್ರೂ ಕೇಳ್ತೀನಿ. ಸ್ವಿಟ್ಜರ್ಲೆಂಡಲ್ಲಿ ಇಟಾಲಿಯನ್ ಮಾತಾಡೋರು ನೂರಕ್ಕೆ ಎಂಟು ಜನಾನೋ ಏನೋ. ಆದ್ರೂ ಬೆಲ್ಲಿಂಜೋನಾದಲ್ಲಿ ಬೋರ್ಡು, ಕೋರ್ಟು, ಶಾಲೆ ಎಲ್ಲಾ ಇಟಾಲಿಯನ್ನೇ. ಜರ್ಮನ್ ಮಾತಾಡೋರು ಬಂದು "ಇದೇನಿದು ಜರ್ಮನ್ ಇಲ್ವಾ" ಅಂತ ಜಗಳ ಆಡಲ್ವಾ?

ಜ್ಯೂರಿಕ್ ಅಕ್ಕ
ಆಡಲ್ಲ, ನಾನಂತೂ ಕಂಡಿಲ್ಲ. ನನ್ನ ಆಫೀಸಿನ ಜರ್ಮನ್ ಸ್ವಿಸ್ ಹುಡುಗರು ಅಲ್ಲಿಗೆ ಹೋದ್ರೆ ಬರೋ ನಾಲ್ಕು ಮಾತನ್ನೂ ಇಟಾಲಿಯನ್ನಲ್ಲೇ ಆಡ್ತಾರೆ. ನೋಟಿನ ಮೇಲೆ ನಾಲ್ಕು ಭಾಷೆ ಇದೆ, ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್.

ಲಾಲ್‌ಬಾಗ್ ವೆಸ್ಟ್‌ಗೇಟ್
ನಮ್ಮ ನೋಟಲ್ಲೂ ಕನ್ನಡ ಇದೆ. ಬ್ಯಾಂಕ್ ಕೌಂಟರಲ್ಲಿ ಇದ್ರೆ ಸಾಕಾಗಿತ್ತು.

ಕನ್ನಡ ಕೂಸು
ನೂರಕ್ಕೆ ನೂರು ನಿಜ.

ಕುಡ್ಲದ ಮಳೆ
ಈ ಚರ್ಚೆಗೆ ಬೇರೆ ಥ್ರೆಡ್ ಹಾಕಿ, ನಾನೂ ಬರ್ತೇನೆ. ಇಲ್ಲಿ ಹುಡುಗನ ಟ್ರಿಪ್ ಮುಗೀಲಿ ಮೊದಲು. ಒಂದು ಕಡೆ ಹೋಗುವಾಗ ಟನಲ್ ಬೇಡ, ಹಳೇ ಗೊಟ್ಹಾರ್ಡ್ ಲೈನಲ್ಲಿ ಹೋಗಿ. 1882ರಲ್ಲಿ ಶುರುವಾದ್ದು. ಬೆಟ್ಟದೊಳಗೆ ಸುರುಳಿ ಸುತ್ತಿ ಏರ್ತದೆ, ವಾಸೆನ್ ಅನ್ನೋ ಹಳ್ಳಿಯ ಚರ್ಚು ಮೂರು ಸಲ ಬೇರೆ ಬೇರೆ ಎತ್ತರದಲ್ಲಿ ಕಾಣ್ತದೆ. ಟೈಮ್ ಜಾಸ್ತಿ ಹಿಡೀತದೆ, ಆದ್ರೆ ಆ ಕೋಟೆ ಯಾಕಿದೆ ಅಂತ ಆ ಘಾಟಿ ಇಳಿದಾಗ್ಲೇ ಅರ್ಥ ಆಗೋದು. ನಾವು ಶಿರಾಡಿ ನೋಡಿ ಬೆಳೆದವ್ರು, ನಂಗೆ ಕಿಟಕಿ ಬಿಟ್ಟು ಏಳ್ಲಿಕ್ಕೇ ಆಗ್ಲಿಲ್ಲ.

ಜ್ಯೂರಿಕ್ ಅಕ್ಕ
ಒಳ್ಳೇ ಐಡಿಯಾ. ಹೋಗ್ತಾ ಹಳೇ ಲೈನ್, ಬರ್ತಾ ಟನಲ್. ಸಾಸ್ಸೊ ಕೊರ್ಬಾರೊಗೆ ಅಮ್ಮನ್ನ ನಡೆಸ್ಬೇಡಿ, ಏರು ಇದೆ.

ತೀರ್ಥಳ್ಳಿ ಹುಡುಗ
ಎಲ್ರಿಗೂ ನಮಸ್ಕಾರ, ಹೋಗಿ ಬಂದ್ವಿ. ಹೇಳಲೇಬೇಕು ಅಂತ ಬರೀತಿದೀನಿ.
ಹಳೇ ಲೈನಲ್ಲೇ ಹೋದ್ವಿ. ವಾಸೆನ್ ಚರ್ಚು ಎರಡನೇ ಸಲ ಕಂಡಾಗ ತಂಗಿ "ಇದೇ ಅಲ್ವಾ ಆಗ್ಲೇ ನೋಡಿದ್ದು" ಅಂದ್ಲು, ಅಲ್ಲಿಂದ ಅವಳ ಮುನಿಸು ಹೋಯ್ತು. ಲಿಫ್ಟಲ್ಲಿ ಅಮ್ಮ ಸಲೀಸಾಗಿ ಮೇಲೆ ಬಂದ್ರು, ಹುಲ್ಲಿನ ಮೇಲೆ ಕೂತು ಮನೆಯಿಂದ ತಂದಿದ್ದ ಕೋಡುಬಳೆ ತಿಂದ್ರು. ಮಧ್ಯಾಹ್ನ ಪೊಲೆಂತಾ, ಅಮ್ಮ ಚಟ್ನಿಪುಡಿ ಹಾಕ್ಕೊಂಡು ಪೂರ್ತಿ ಮುಗಿಸಿದ್ರು.
ಅಪ್ಪನ ವಿಷಯ ಹೇಳ್ಬೇಕು. ಅಪ್ಪ ಕೆಲಸದಲ್ಲಿದ್ದಾಗ ಎಷ್ಟೋ ವರ್ಷ ಗಡಿಯ ಚೆಕ್‌ಪೋಸ್ಟಲ್ಲಿ ಇದ್ರು, ಜಿಎಸ್‌ಟಿ ಬರೋಕೆ ಮುಂಚೆ. ರಾತ್ರಿ ಪಾಳಿ, ಲಾರಿ ನಿಲ್ಲಿಸೋದು, ಬಿಲ್ ನೋಡೋದು. ಮನೇಲಿ ಆ ಬಗ್ಗೆ ಮಾತೇ ಆಡ್ತಿರ್ಲಿಲ್ಲ. ಸಾಸ್ಸೊ ಕೊರ್ಬಾರೊಗೆ ನಾವಿಬ್ರೇ ಟ್ಯಾಕ್ಸೀಲಿ ಹೋದ್ವಿ. ಮೇಲಿಂದ ಮೊಂತೆಬೆಲ್ಲೋ ಗೋಡೆ, ಊರು, ಬಂಡೆ, ಮುರಾತಾ, ನದಿ ಎಲ್ಲಾ ಒಂದೇ ಗೆರೇಲಿ ಕಾಣ್ತಿತ್ತು. ಅಪ್ಪ ತುಂಬಾ ಹೊತ್ತು ಸುಮ್ನೆ ನಿಂತಿದ್ರು. ಆಮೇಲೆ ಬೆರಳಲ್ಲಿ ಗೆರೆ ಎಳೆದ ಹಾಗೆ ತೋರಿಸಿ, "ನಮ್ಮಲ್ಲಿ ಗೇಟು ಹಾಕಿದ್ರೆ ಹಿಂದಿನ ಹಳ್ಳಿ ರಸ್ತೇಲಿ ನುಗ್ಗಿ ಹೋಗ್ತಿದ್ರು. ಇವನು ನೋಡು, ಹಳ್ಳಿ ರಸ್ತೇನೂ ಬಿಟ್ಟಿಲ್ಲ" ಅಂದ್ರು. ಆಮೇಲೆ ಅವರೇ ಶುರು ಮಾಡಿದ್ರು. ಯಾವ ರಾತ್ರಿ ಯಾವ ಲಾರಿ, ಅಡಿಕೆ ಮೂಟೆ ಕೆಳಗೆ ಏನಿತ್ತು, ಮಳೇಲಿ ಟಾರ್ಚ್ ಕೆಟ್ಟಾಗ ಏನ್ ಮಾಡಿದ್ರು, ಒಬ್ಬ ಡ್ರೈವರ್ ಅವರಿಗೆ ಕಾಫಿ ತಂದ್ಕೊಟ್ಟಿದ್ದು. ಒಂದು ಗಂಟೆ ಮೇಲಾಯ್ತು. ಇಷ್ಟು ವರ್ಷದಲ್ಲಿ ನಾನು ಕೇಳದೇ ಇದ್ದ ಮಾತುಗಳು. ಕೆಳಗೆ ಬರೋಷ್ಟರಲ್ಲಿ ಅಮ್ಮ ತಂಗಿ ಚೌಕದಲ್ಲಿ ಕಾಯ್ತಾ ಇದ್ರು, ಟ್ರೇನ್ ಹೋಗಿತ್ತು, ಮುಂದಿನದ್ರಲ್ಲಿ ಬಂದ್ವಿ.

ಹಳೇ ನಕ್ಷೆ
ಓದಿ ಮನಸ್ಸು ತುಂಬಿತು. ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ.

ಲಾಲ್‌ಬಾಗ್ ವೆಸ್ಟ್‌ಗೇಟ್
ನಾನು ವೇಸ್ಟ್ ಅಂದಿದ್ದು ವಾಪಸ್ ತಗೋತೀನಿ ಗುರು. ಈ ದಸರಾ ರಜಕ್ಕೆ ಮಕ್ಕಳ ಜೊತೆ ನಾವೂ ಟ್ರೇನಲ್ಲೇ.

ಕೊಡಗಿನ ಕಾಫಿ
ಅತ್ತೆ ವೀಲ್‌ಚೇರಲ್ಲಿದಾರೆ, ಸೆಪ್ಟೆಂಬರಲ್ಲಿ ಕರ್ಕೊಂಡು ಹೋಗೋ ಯೋಚನೆ. ಮುರಾತಾ ಒಳಗೂ ಹೋಗ್ಬಹುದಾ?

ತೀರ್ಥಳ್ಳಿ ಹುಡುಗ
ಲಿಫ್ಟಿಂದ ಕಾಸ್ತೆಲ್‌ಗ್ರಾಂದೆ ಅಂಗಳದವರೆಗೆ ತೊಂದ್ರೆ ಇಲ್ಲ ಅಕ್ಕ. ಮುರಾತಾ ಓಣಿಗೆ ನಾವು ಮೆಟ್ಟಿಲು ಇಳಿದೇ ಹೋಗಿದ್ದು, ಅಮ್ಮ ಬರ್ಲಿಲ್ಲ. ಅಂಗಳದ ಗೋಡೆ ಹತ್ರ ಕೂರಿಸಿದ್ರೆ ಅಲ್ಲಿಂದ ಮುರಾತಾ ಪೂರ್ತಿ ಕಾಣುತ್ತೆ, ಬೆಳಿಗ್ಗೇನೇ ಹೋಗಿ, ಆಗ ನೆರಳಿರುತ್ತೆ.